ಕಾರಿನಲ್ಲಿ ರಾಸ್ಪ್‌ಬೆರಿ ಪೈ: ವಿಜಯಪುರದ ಬಿಸಿಲಿಗೆ ತಡೆಯುತ್ತಾ?

ರೆಡಿಮೇಡ್ ಆಂಡ್ರಾಯ್ಡ್ ಸ್ಟೀರಿಯೋ ಬೇಡ ಅಂತ ಹಳೇ ಕಾರಿಗೆ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್) ಮತ್ತು 7 ಇಂಚಿನ ಟಚ್ ಸ್ಕ್ರೀನ್ ಕೂರಿಸಿದ್ದೇನೆ. ಹಾಡು, ಮ್ಯಾಪ್ ಎಲ್ಲ ಚೆನ್ನಾಗಿ ನಡೆಯುತ್ತವೆ. ಸ್ಕ್ರೀನ್ ಮಾತ್ರ ಮಟಮಟ ಮಧ್ಯಾಹ್ನ ಕನ್ನಡಿ ಇದ್ದ ಹಾಗೆ, ನಮ್ಮ ಮುಖವೇ ಕಾಣುತ್ತದೆ.

ನಿಜವಾದ ತಲೆನೋವು ಕರೆಂಟಿನದು. ಪೈಗೆ 5 ವೋಲ್ಟ್, 3 ಆಂಪ್ ಬೇಕು. ಬ್ಯಾಟರಿ 12 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು, ಸೆಲ್ಫ್ ಹೊಡೆದಾಗ ದಬಕ್ಕನೆ ಇಳಿಯುತ್ತದೆ. ಊರಿನ ಅಂಗಡಿಯವರೊಬ್ಬರು ‘ಸಾಕಾಗ್ತದ ತಗೋರಿ’ ಅಂತ ಕೊಟ್ಟ 12 ವೋಲ್ಟನ್ನು 5ಕ್ಕೆ ಇಳಿಸುವ ಅಗ್ಗದ ಕನ್ವರ್ಟರ್ ಹಾಕಿದರೆ ಸ್ಕ್ರೀನಿನ ಮೂಲೆಯಲ್ಲಿ ವೋಲ್ಟೇಜ್ ಸಾಲದು ಅನ್ನುವ ಹಳದಿ ಮಿಂಚಿನ ಗುರುತು, ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ರೀಸ್ಟಾರ್ಟ್. ವಾಪಸ್ ತಗೊಳ್ಳಲೂ ಇಲ್ಲ, ಬಿಡಿ. ಕಾರಿಗೆಂದೇ ಮಾಡಿದ, ಕೀ ತೆಗೆದ ಮೇಲೂ ಪೈ ಸರಿಯಾಗಿ ಶಟ್‌ಡೌನ್ ಆಗುವ ತನಕ ಕರೆಂಟ್ ಕೊಟ್ಟು ಆಮೇಲೆ ತಾನೇ ಆಫ್ ಆಗುವ ಪವರ್ ಸಪ್ಲೈ ಸಿಗುತ್ತದೆ, ಅದನ್ನೇ ತಗೊಳ್ಳಿ. ದುಡ್ಡು ಜಾಸ್ತಿ ನಿಜ. ಆದರೆ ಸುಮ್ನೆ ಕರೆಂಟ್ ಕಿತ್ತರೆ ಮೆಮೊರಿ ಕಾರ್ಡ್ ಕೆಡುತ್ತದೆ, ಯಾವಾಗಲೂ ಆನ್ ಇಟ್ಟರೆ ಬ್ಯಾಟರಿ ಇಳಿಯುತ್ತದೆ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಗೋಳಗುಮ್ಮಟದ ಹತ್ತಿರ ನೆರಳಿಲ್ಲದ ಕಡೆ ನಿಲ್ಲಿಸಿದ ಕಾರಿನ ಒಳಗೆ ಹೇಗಿರುತ್ತೆ ಹೇಳಬೇಕಾ? ಚಿಪ್ 80 ಡಿಗ್ರಿ ಮುಟ್ಟಿದರೆ ಪೈ ತಾನೇ ವೇಗ ಇಳಿಸುತ್ತದೆ. ಡ್ಯಾಶ್‌ಬೋರ್ಡ್ ಮೇಲಂತೂ ಬೇಡ, ಸೀಟಿನ ಕೆಳಗೆ ಫ್ಯಾನ್ ಸಮೇತ ಇಡಿ, ಧೂಳು ಆಗಾಗ ಒರೆಸಿ.

ಕೈಯಾರೆ ವೈರಿಂಗ್ ಮಾಡುವ ಹುಚ್ಚಿದ್ದವರಿಗೆ 5ಕ್ಕೆ 4. ಬರೀ ಹಾಡು ಕೇಳುವವರಿಗೆ ರೆಡಿಮೇಡೇ ಸಾಕು.