ಸಿ-ಗ್ಯಾಸ್ ಪ್ರೋಟೀನ್‌ನ 3ಡಿ ಪ್ರಿಂಟ್: ಹೆಬ್ಬೆರಳು ಇದೆಯಾ ನೋಡಿ ತಗೊಳ್ಳಿ

ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಸಿ-ಗ್ಯಾಸ್ ಅಂದರೆ ಜೀವಕೋಶದೊಳಗೆ ಅಡ್ಡಾಡುವ ಡಿಎನ್‌ಎ ಕಂಡರೆ ಎಚ್ಚರಿಸುವ ಪ್ರೋಟೀನ್. ಬೋರ್ಡ್ ಮೇಲೆ ಬಾಣ ಬರೆದು ಬರೆದು ಸಾಕಾಗಿ, ಎರಡು ತಿಂಗಳ ಹಿಂದೆ ಅದರ ಮಾದರಿಯನ್ನೇ ಮಾಡಿಸಿದೆ.

ಫೈಲ್‌ಗೆ ದುಡ್ಡಿಲ್ಲ. ಪ್ರೋಟೀನ್‌ಗಳ 3ಡಿ ರಚನೆ ಇಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಜಾಲತಾಣದಲ್ಲಿ 4ಎಲ್‌ಇವೈ (4LEY) ಎಂದು ಹುಡುಕಿ, ಇಲಿಯ ಸಿ-ಗ್ಯಾಸ್ ಡಿಎನ್‌ಎ ಹಿಡಿದಿರುವ ರಚನೆ ಸಿಗುತ್ತದೆ. ಅಣು ರಚನೆ ತೋರಿಸುವ ಕೈಮೆರಾಎಕ್ಸ್ ಸಾಫ್ಟ್‌ವೇರ್‌ನಲ್ಲಿ ಅದನ್ನು ಎಸ್‌ಟಿಎಲ್ (3ಡಿ ಪ್ರಿಂಟರ್‌ಗೆ ಬೇಕಾದ ಫೈಲ್) ಮಾಡಿ ಪ್ರಿಂಟ್ ಅಂಗಡಿಗೆ ಕಳಿಸಿದೆ. 2 ಪ್ರೋಟೀನ್, ನಡುವೆ 2 ಡಿಎನ್‌ಎ ತುಂಡು, ನಾಲ್ಕನ್ನೂ ಬಿಡಿಸಿ ಜೋಡಿಸುವ ಹಾಗೆ ಪುಟ್ಟ ಆಯಸ್ಕಾಂತ.

ಮೊದಲ ಸಲ ಬಂದದ್ದರಲ್ಲಿ ಹೆಬ್ಬೆರಳೇ ಇರಲಿಲ್ಲ! ಈ ಪ್ರೋಟೀನ್‌ನ ಮೈಯಿಂದ ಗೂಟದ ಹಾಗೆ ಚಾಚಿಕೊಂಡ ಒಂದು ಭಾಗವಿದೆ, ಜಿಂಕ್ ಥಂಬ್ ಅನ್ನುತ್ತಾರೆ, 3 ಸಿಸ್ಟೀನ್ 1 ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲಗಳು ಸೇರಿ ಒಂದು ಸತುವಿನ ಅಯಾನನ್ನು ಹಿಡಿದಿರುತ್ತವೆ. ಅಂಗಡಿಯವರು ಸಪೋರ್ಟ್ (ಪ್ರಿಂಟ್ ಆಗುವಾಗ ಆಸರೆಗೆ ಬರುವ ಕಡ್ಡಿಗಳು) ಕೀಳುವಾಗ ಅದನ್ನೂ ಕಿತ್ತು, ಉಜ್ಜಿ ನುಣುಪು ಮಾಡಿದ್ದರು. ಡಿಎನ್‌ಎ ಹಿಡಿಯುವುದಕ್ಕೆ ಅದೇ ಬೇಕು, ಅಲ್ವಾ. ಫೋಟೊ ಕಳಿಸಿ ವಿವರಿಸಿದ ಮೇಲೆ ರೆಸಿನ್‌ನಲ್ಲಿ ಮತ್ತೆ ಮಾಡಿಕೊಟ್ಟರು, ಜಾಸ್ತಿ ದುಡ್ಡು ಕೇಳಲಿಲ್ಲ. ಇದು ಬಹಳ ಚೆನ್ನಾಗಿದೆ.

ಡಿಎನ್‌ಎ ತುಂಡನ್ನು ಜಾರಿಸಿ ಕೂರಿಸಿದರೆ ಬೆರಳಿಗೇ ಪಾಠ ಗೊತ್ತಾಗುತ್ತದೆ. ಪ್ರೋಟೀನ್ ಹೆಚ್ಚಾಗಿ ಮುಟ್ಟುವುದು ಹೊರಗಿನ ಸಕ್ಕರೆ-ಫಾಸ್ಫೇಟ್ ಬೆನ್ನೆಲುಬನ್ನು, ಅಕ್ಷರಗಳ ಸಾಲನ್ನು ಓದುವುದಿಲ್ಲ. ವೈರಸ್‌ನದ್ದಾದರೂ ನಮ್ಮದಾದರೂ ಹಿಡಿತ ಒಂದೇ. ಹಿಂದಿನ ಬೆಂಚಿನ ಹುಡುಗಿ ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ನಮ್ಮ ಡಿಎನ್‌ಎ ನೋಡಿ ಯಾಕೆ ಕೂಗಲ್ಲ ಮೇಡಂ?" ಅಂದಳು. ಬಾಣದ ಚಿತ್ರ ತೋರಿಸಿದ ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಮ್ಮದು ನ್ಯೂಕ್ಲಿಯಸ್‌ನಲ್ಲಿ ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗೆ ಸುತ್ತಿಕೊಂಡಿರುತ್ತದೆ. ಅಲ್ಲಿರುವ ಸಿ-ಗ್ಯಾಸ್ ಹಿಸ್ಟೋನ್‌ಗೇ ಅಂಟಿಕೊಂಡು, ಜೋಡಿಯಾಗಲಾರದೆ ಸುಮ್ನೆ ಕೂರುತ್ತದೆ. 2020ರಲ್ಲಿ ಬಂದ ರಚನೆಗಳಲ್ಲಿ ಇದು ಕಾಣಿಸಿತು. ಮಾದರಿಯ ಎರಡು ಪ್ರೋಟೀನ್‌ಗಳನ್ನು ಬಿಡಿಸಿ ನನ್ನ ಮುಷ್ಟಿಯೇ ಹಿಸ್ಟೋನ್ ಅಂತ ಒಂದನ್ನು ಅದಕ್ಕೆ ಒತ್ತಿ ತೋರಿಸಿದೆ, ತಕ್ಷಣ ಅರ್ಥವಾಯಿತು.

ಡಿಎನ್‌ಎ ಕೂರುವ ಕಡೆಗೆ ಎದುರು ಬದಿಯಲ್ಲಿ ಒಂದು ಗುಳಿ ಇದೆ. ಎಟಿಪಿ, ಜಿಟಿಪಿ ಅನ್ನುವ ಪುಟ್ಟ ಅಣುಗಳು ಸೇರಿ ಸಿಜಿಎಎಂಪಿ ಅನ್ನುವ ಸುದ್ದಿ ಒಯ್ಯುವ ಅಣು ಆಗುವುದು ಅಲ್ಲೇ. ಅದು ಹೋಗಿ ಸ್ಟಿಂಗ್ ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ, ಆಮೇಲೆ ವೈರಸ್ ವಿರುದ್ಧ ಎಚ್ಚರಿಸುವ ಇಂಟರ್‌ಫೆರಾನ್ ತಯಾರಾಗುತ್ತದೆ. ಡಿಎನ್‌ಎ ಕೂತಾಗ ಈ ಗುಳಿಯ ಆಕಾರ ಬದಲಾಗುತ್ತದೆ, ಗಟ್ಟಿ ರೆಸಿನ್‌ನಲ್ಲಿ ಅದು ಕಾಣುವುದಿಲ್ಲ. ಬಾಲದಂತಿರುವ ಮೊದಲ ಸುಮಾರು 150 ಅಮೈನೋ ಆಮ್ಲಗಳೂ ಇಲ್ಲ, ಏಕೆಂದರೆ ಆ ಫೈಲ್‌ನಲ್ಲೇ ಇಲ್ಲ. ಅದರ ಬದಲಿಗೆ ನಾನು ಮಾದರಿಗೆ ಒಂದು ಉಣ್ಣೆ ದಾರ ಕಟ್ಟಿಕೊಂಡಿದ್ದೇನೆ.

ಮಾಡಿಸುವವರು ಪ್ರೋಟೀನನ್ನು ತೆಳ್ಳಗಿನ ಪಟ್ಟಿಯ ಹಾಗೆ ತೋರಿಸುವ ರಿಬ್ಬನ್ ಫೈಲ್ ಕೊಡಬೇಡಿ, ಮುರಿಯುತ್ತದೆ. ಹೊರಮೈಯನ್ನು ಗಟ್ಟಿಯಾಗಿ ತೋರಿಸುವ ಸರ್ಫೇಸ್ ಫೈಲ್ ಕೊಡಿ. ಹೆಬ್ಬೆರಳಿಗೆ ಗುರುತು ಹಾಕಿದ ಒಂದು ಚಿತ್ರವನ್ನೂ ಜೊತೆಗೆ ಕಳಿಸಿ.