ಎರಡು ಲೇಸರ್ ಸೇರಿಸಲು ಪಿಬಿಎಸ್ ಕ್ಯೂಬಾ, ಡೈಕ್ರೋಯಿಕ್ ಕನ್ನಡಿಯಾ?

ಎರಡು ಲೇಸರ್ ಕಿರಣಗಳನ್ನು ಒಂದೇ ದಾರಿಗೆ ತರಲು ಮುಖ್ಯವಾಗಿ ಮೂರು ವಿಧಾನಗಳಿವೆ: ಕನ್ನಡಿಯ ಅಂಚು; ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ನೋಡಿ ಬೆಳಕನ್ನು ದಾಟಿಸುವ ಇಲ್ಲವೇ ತಿರುಗಿಸುವ ಗಾಜಿನ ಘನ, ಅಂದರೆ ಪಿಬಿಎಸ್ ಕ್ಯೂಬ್; ಬಣ್ಣ ನೋಡಿ ಅದೇ ಕೆಲಸ ಮಾಡುವ ಡೈಕ್ರೋಯಿಕ್ ಕನ್ನಡಿ. ಹಾಸನದ ನಮ್ಮ ಮನೆಯಲ್ಲಿ ಮೂರನ್ನೂ ಮಾಡಿ ನೋಡಿದೆ. ನಾನು ಅಳೆದದ್ದು ಒಂದೇ ಲೆಕ್ಕದಲ್ಲಿ: ಸೇರದೆ ಉಳಿದ ಬೆಳಕು ಎಲ್ಲಿಗೆ ಹೋಗುತ್ತದೆ? ಗೊತ್ತಾಗದಂತೆ ಕಣ್ಣಿಗೆ ಬೀಳಬಹುದಾದ್ದು ಅದೇ.

ಮೊದಲು ಪವರ್ ಮಾತು. ಕಿರಣ ಸೇರಿದರೆ ಪವರ್ ಕೂಡ ಸೇರುತ್ತದೆ. ತಲಾ 4 ಮಿಲಿವಾಟ್‌ನ ಎರಡು ಲೇಸರ್ ಮಾಡ್ಯೂಲ್ ಬಿಡಿಯಾಗಿ ಕ್ಲಾಸ್ 3ಆರ್ (ಲೇಸರ್ ಅಪಾಯದ ಒಂದು ದರ್ಜೆ). ಸೇರಿದರೆ 8, ಅಂದರೆ 5ರ ಗಡಿ ದಾಟಿ ಇನ್ನೂ ಅಪಾಯದ 3ಬಿ. ಅದಕ್ಕೇ ನಾನು 1 ಮಿಲಿವಾಟ್ ಒಳಗಿನವನ್ನೇ ತಗೊಂಡೆ. ಲೇಬಲ್ ಒಂದನ್ನೇ ನಂಬದೆ, ಪರಿಚಯದ ಫಿಸಿಕ್ಸ್ ಮೇಷ್ಟ್ರ ಲ್ಯಾಬ್‌ನಲ್ಲಿ ಪವರ್ ಮೀಟರ್‌ಗೆ ಹಿಡಿಸಿದೆ. 532 ನ್ಯಾನೊಮೀಟರ್ ತರಂಗಾಂತರದ ಹಸಿರು ಮಾಡ್ಯೂಲ್‌ಗಂತೂ ಇದು ಬೇಕೇ ಬೇಕು. ಒಳಗೆ ಐಆರ್ (ಇನ್‌ಫ್ರಾರೆಡ್) ತಡೆಯುವ ಫಿಲ್ಟರ್ ಇಲ್ಲದಿದ್ದರೆ ಕಾಣದ 808, 1064 ನ್ಯಾನೊಮೀಟರ್ ಬೆಳಕೂ ಹೊರಬರುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಅಲ್ವಾ?

ಕನ್ನಡಿ ಅಂಚಿನ ವಿಧಾನ ಅಗ್ಗ. ಒಂದು ಕಿರಣ ಅಂಚಿನ ಪಕ್ಕದಲ್ಲಿ ಹಾಯುತ್ತದೆ, ಇನ್ನೊಂದು ಕನ್ನಡಿಗೆ ಬಡಿದು ಜೊತೆಗೂಡುತ್ತದೆ. ಆದರೆ ಎರಡೂ ಅಕ್ಕಪಕ್ಕವೇ ಉಳಿಯುತ್ತವೆ. ಅಂಚು ಚಕ್ಕೆ ಎದ್ದಿದ್ದರೆ ಬೆಳಕು ಎಲ್ಲೆಂದರಲ್ಲಿ ಚದುರುತ್ತದೆ. ನನಗೆ ಹಿಡಿಸಲಿಲ್ಲ.

ಒಂದೇ ಬಣ್ಣದ ಎರಡು ಲೇಸರ್‌ಗೆ ಪಿಬಿಎಸ್ ಕ್ಯೂಬ್ ಸರಿ. ಒಂದರ ಪೋಲರೈಸೇಶನ್ ಇನ್ನೊಂದಕ್ಕೆ 90 ಡಿಗ್ರಿ ತಿರುಗಿರಬೇಕು. ಇಷ್ಟಾದರೂ ನಾಲ್ಕನೇ ಮುಖದಿಂದ ಸ್ವಲ್ಪ ಸೋರುತ್ತದೆ. ಅಲ್ಲಿ ಮಂಗಳೂರು ಹಂಚಿನ ತುಂಡೊಂದನ್ನು ಒರಗಿಸಿಟ್ಟೆ. ಮಾಡ್ಯೂಲನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಹಂಚಿನ ಮೇಲಿನ ಕೆಂಪು ಚುಕ್ಕಿ ಮಂಕಾಗುತ್ತಾ ಬರುತ್ತದೆ. ತೀರಾ ಮಂಕಾದಲ್ಲಿ ಸ್ಕ್ರೂ ಬಿಗಿಮಾಡಬೇಕು. ಡಯೋಡ್ ಲೇಸರ್‌ನ ಚುಕ್ಕಿ ಉದ್ದಕ್ಕಿರುವುದರಿಂದ, ಎರಡೂ ಒಂದಕ್ಕೊಂದು ಅಡ್ಡ ಬಿದ್ದು ಗೋಡೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಕಾಣುತ್ತದೆ.

ಬೇರೆ ಬೇರೆ ಬಣ್ಣಕ್ಕೆ ಡೈಕ್ರೋಯಿಕ್ ಕನ್ನಡಿಯೇ ನನ್ನ ಆಯ್ಕೆ. 45 ಡಿಗ್ರಿಯಲ್ಲಿ ನಿಲ್ಲಿಸಿದರೆ ಕೆಂಪು ದಾಟುತ್ತದೆ, ಹಸಿರು ತಿರುಗುತ್ತದೆ. ಪೋಲರೈಸೇಶನ್ ಗೊಡವೆ ಅಷ್ಟಾಗಿ ಇಲ್ಲ, ಸೋರಿಕೆಯೂ ಕಡಿಮೆ. ಕನ್ನಡಿಯ ಹತ್ತಿರವೂ ದೂರದ ಗೋಡೆಯ ಮೇಲೂ ಚುಕ್ಕಿ ಹಳದಿಯಾದರೆ ಹೊಂದಿಕೆ ಸರಿ. ಒಂದೇ ಕಡೆ ಹಳದಿಯಾದರೆ ಕಿರಣಗಳು ಅಲ್ಲಿ ಸುಮ್ನೆ ಅಡ್ಡ ಹಾಯ್ದಿವೆ, ಅಷ್ಟೇ.

ಎಲ್ಲವನ್ನೂ ಗ್ರಾನೈಟ್ ಚಪ್ಪಡಿಯ ಮೇಲೆ ಕೂರಿಸಿದೆ. ಪಾಲಿಶ್ ಮುಖ ಕೆಳಗೆ, ಒರಟು ಮುಖ ಮೇಲೆ. ಕುಳಿತಾಗ ಕಣ್ಣಿನ ಮಟ್ಟಕ್ಕಿಂತ ಕಿರಣ ಕೆಳಗಿರಲಿ. ವಾಚು, ಉಂಗುರ ಕಳಚಿಡಿ. ಸ್ಟೀಲ್ ಲೋಟ ಮೇಜಿನ ಹತ್ತಿರ ಬೇಡ. ಕಿರಣ ನೋಡುವ ಆಸೆಯಿದ್ದರೆ ಊದುಬತ್ತಿ ಹೊಗೆ ಸಾಕು. ಸಕಲೇಶಪುರದ ಮಂಜಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ಹೊರಗೆ ಒಯ್ಯಬೇಡಿ. ವಿಮಾನದತ್ತ ಲೇಸರ್ ಹಿಡಿಯುವುದು ಅಪರಾಧ. ರಸ್ತೆಯ ವಾಹನಗಳತ್ತಲೂ ಬೇಡ, ತೋಟಕ್ಕೆ ಬಂದ ಕಾಡಾನೆಯತ್ತಲೂ ಬೇಡ.