ಮಂಗಳೂರಿನ ಎರಡು ಕ್ಲಿನಿಕ್‌ಗಳಿಗೆ ಹೋಗಿ ಬಂದೆ

ನನಗೆ 51. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮುಟ್ಟು ನಿಂತು ಎರಡು ವರ್ಷವಾಯಿತು. ರಾತ್ರಿ ಮೈಯೆಲ್ಲ ಬೆಂಕಿಯಾಗಿ ಎದ್ದು ಕೂತರೆ ದಿಂಬಿನ ಬಟ್ಟೆ ಹಿಂಡುವಷ್ಟು ಒದ್ದೆ. ಮೇಲಿನ ರೆಪ್ಪೆಯೂ ಜೋತು ಬಿದ್ದಿದೆ, ನೋಡಿದವರೆಲ್ಲ "ಹುಷಾರಿಲ್ವಾ?" ಎಂದು ಕೇಳುತ್ತಾರೆ.

ಮೊದಲು ಹೋದ ಕಾಸ್ಮೆಟಿಕ್ ಕ್ಲಿನಿಕ್‌ಗೆ ಒಂದು ಸ್ಟಾರ್ ಕೊಡಲೂ ಮನಸ್ಸಿಲ್ಲ. ಹತ್ತೇ ನಿಮಿಷದಲ್ಲಿ ರೆಪ್ಪೆ, ಕೆನ್ನೆ, ಹೊಟ್ಟೆ ಎಲ್ಲ ಸೇರಿಸಿ ಪ್ಯಾಕೇಜ್ ಬರೆದು, ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ ಎಂದರು. ಬಿಪಿ ಇದೆಯಾ, ಯಾವ ಮಾತ್ರೆ ತಗೊಳ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವಳಾಗಿದ್ದರೆ?

ಎರಡನೆಯವರು ಸ್ತ್ರೀರೋಗ ತಜ್ಞೆ. ಐದು ಸ್ಟಾರ್. ಮುಕ್ಕಾಲು ಗಂಟೆ ಕೂತು ಮಾತಾಡಿದರು, ಅದೂ ಕನ್ನಡದಲ್ಲಿ. ಊರಲ್ಲಿ ಫಾರ್ಮು ಮಲಯಾಳದಲ್ಲಿ, ರಿಪೋರ್ಟು ಇಂಗ್ಲಿಷಲ್ಲಿ ಓದಿ ಸಾಕಾದವರಿಗೆ ಇದರ ಬೆಲೆ ಗೊತ್ತು. 2002ರ ಅಮೆರಿಕದ ಅಧ್ಯಯನದ ನಂತರ ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನ್ ಚಿಕಿತ್ಸೆ ಎಂದರೆ ಜನ ಯಾಕೆ ಹೆದರಿದರು, 60ರ ಒಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಯಾಕೆ ಎಂದು ಬಿಡಿಸಿ ಹೇಳಿದರು. ಗರ್ಭಕೋಶ ಇದ್ದವರು ಈಸ್ಟ್ರೋಜನ್ ಹಾರ್ಮೋನ್ ಒಂದನ್ನೇ ತಗೊಳ್ಳಬಾರದಂತೆ, ಗರ್ಭಕೋಶದ ಕ್ಯಾನ್ಸರ್ ಭಯ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗಿರಲೇಬೇಕು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಕಾಗದದ ಮೇಲೆ ಪೆನ್ನಲ್ಲಿ ಗರ್ಭಕೋಶದ ಚಿತ್ರ ಬರೆದು ತೋರಿಸಿದರು, ಆ ಕಾಗದ ಇನ್ನೂ ಪರ್ಸಿನಲ್ಲಿದೆ. ಮೊದಲು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಆಮೇಲೆ ಜೆಲ್.

ರೆಪ್ಪೆಯ ಆಸೆ ಬಿಟ್ಟಿಲ್ಲ. ಮೊದಲು ನಿದ್ದೆ ಸರಿಯಾಗಲಿ.

ಬೆಳಿಗ್ಗೆಯ ಅಪಾಯಿಂಟ್‌ಮೆಂಟ್ ತಗೊಳ್ಳಿ, ಸಂಜೆ ಕಾಸರಗೋಡು ಬಸ್ಸಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.